ಕಂಡದ್ದನ್ನು ಹೇಳುವ ಕೆಲಸ

ನಮ್ಮೂರಿನಲ್ಲಿ ಯಾರಾದರೂ ಪಕ್ಕದ ಮನೆಗೆ ಹೋಗಿ ಕತ್ತರಿ ಕಡ ಕೇಳಿದರೆ ಅವರು ಪರವೂರಿನವರು ಅಂತ ತಕ್ಷಣ ಗೊತ್ತಾಗುತ್ತದೆ. ಕೊಟ್ಟು ಏನು ಪ್ರಯೋಜನ? ದರ್ಜಿಯ ಕತ್ತರಿ ಆ ದರ್ಜಿಯ ಕೈಯಲ್ಲಿ ಮಾತ್ರ ಬಟ್ಟೆ ಕತ್ತರಿಸುತ್ತದೆ. ಬೇರೆಯವರು ಹಿಡಿದರೆ ಸುಮ್ಮನೆ ಬಾಯಿ ತೆರೆದು ಮುಚ್ಚುತ್ತದೆ. ಒಬ್ಬ ಬಡಗಿಯ ಉಳಿ ಇನ್ನೊಬ್ಬ ಬಡಗಿಗೂ ಬಗ್ಗುವುದಿಲ್ಲ. ಮದುವೆಯಾಗಿ ಬರುವ ಹೆಣ್ಣುಮಕ್ಕಳು ಸೀರೆಗಳ ಜೊತೆಗೆ ತಮ್ಮ ಸೌಟು, ಲಟ್ಟಣಿಗೆಗಳನ್ನೂ ಗಂಟು ಕಟ್ಟಿಕೊಂಡು ಬರುತ್ತಾರೆ. ಅತ್ತೆಯ ಲಟ್ಟಣಿಗೆ ಸೊಸೆಯ ಕೈಯಲ್ಲಿ ಒಂದು ಚಪಾತಿಯನ್ನಾದರೂ ಲಟ್ಟಿಸಿದ ಉದಾಹರಣೆ ಇಲ್ಲ. ಇದರಿಂದ ಮನೆಗಳಲ್ಲಿ ಜಗಳ ಕಡಿಮೆ ಅನ್ನುವವರಿದ್ದಾರೆ. ನಾನು ನಂಬುವುದಿಲ್ಲ. ಜಗಳ ಆಡುವವರಿಗೆ ಲಟ್ಟಣಿಗೆಯೇ ಬೇಕೆಂದೇನೂ ಇಲ್ಲ.

ನಾನು ದಾಕ್ಷಾಯಿಣಿ. ಗಡಿಯಾರದ ಬೀದಿಯಲ್ಲಿರುವ ಡಾಕ್ಟರ್ ಮಲ್ಲಾರಾಧ್ಯರ ಕ್ಲಿನಿಕ್ಕಿನಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್. ಊರಿಗೆಲ್ಲ ಡಾಕ್ಟರು ಅವರೊಬ್ಬರೇ, ನರ್ಸು ನಾನೊಬ್ಬಳೇ; ದೊಡ್ಡಾಸ್ಪತ್ರೆ ಬೇಕೆಂದರೆ ಬಸ್ಸಿನಲ್ಲಿ ಮೂರು ಗಂಟೆ. ಕ್ಲಿನಿಕ್ಕಿನ ಸಾಮಾನುಗಳಲ್ಲೂ ನಮ್ಮಿಬ್ಬರದು ಬೇರೆ ಬೇರೆ. ತೂಕದ ಯಂತ್ರ, ಥರ್ಮಾಮೀಟರು, ಬಿ.ಪಿ. ಯಂತ್ರ, ಸೂಜಿ, ಗಾಯ ತೊಳೆಯುವ ಇಕ್ಕಳ, ಕಿವಿ ತೊಳೆಯುವ ಹಿತ್ತಾಳೆ ಪಿಚಕಾರಿ ನನ್ನವು. ಸ್ಟೆತಾಸ್ಕೋಪು, ಕಿವಿ ಗಂಟಲು ನೋಡುವ ಟಾರ್ಚು, ಔಷಧಿ ಚೀಟಿ ಬರೆಯುವ ಪೆನ್ನು ಅವರವು. ಆ ಪೆನ್ನನ್ನು ನಾನು ಹಿಡಿದರೆ ಕಾಗದದ ಮೇಲೆ ಒಂದು ಗೀರೂ ಮೂಡುವುದಿಲ್ಲ. ಅವರು ನನ್ನ ಥರ್ಮಾಮೀಟರನ್ನು ಸುಡುವ ಜ್ವರದವರ ಬಾಯಿಗಿಟ್ಟರೂ ಪಾದರಸ ಕದಲುವುದಿಲ್ಲ.

ನನಗೆ ಕೆಲಸ ಕಲಿಸಿದವರು ಫಿಲೋಮಿನಾ ಸಿಸ್ಟರ್. ಅವರು ನಿವೃತ್ತರಾಗುವಾಗ ನರ್ಸುಗಳ ಸಂಘದ ಹಸಿರು ರಟ್ಟಿನ ಪುಸ್ತಕವನ್ನು ನನ್ನ ಕೈಗಿಟ್ಟಿದ್ದರು. ನಮ್ಮಂಥ ಸಣ್ಣ ಕ್ಲಿನಿಕ್ಕಿನ ನರ್ಸು ಏನು ಮಾಡಬೇಕು, ಏನು ಮಾಡಬಾರದು ಎಲ್ಲ ಅದರಲ್ಲಿದೆ. ಮೈ ಮುಟ್ಟುವ ಮುಂಚೆ ಒಪ್ಪಿಗೆ ಕೇಳಬೇಕು. ಸೂಜಿ ಚುಚ್ಚುವ ಮುಂಚೆ ಎರಡು ಸಲ ಹೆಸರು ಕೇಳಬೇಕು. ಸಕ್ಕರೆ ಕಾಯಿಲೆಯವರ ಅಂಗಾಲನ್ನು ತಿಂಗಳಿಗೊಮ್ಮೆ ಬಗ್ಗಿ ನೋಡಬೇಕು. ಕೊನೇ ಪುಟದಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ ಒಂದೇ ಮಾತು: ‘ನಿನ್ನ ಸಾಧನ ತೋರಿಸಿದ್ದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳು. ಅವರಿಗೆ ಇಷ್ಟವಾಗದಿದ್ದರೂ ಹೇಳು.’ ಫಿಲೋಮಿನಾ ಸಿಸ್ಟರ್ ಆ ಪುಟವನ್ನು ಬೆರಳಿನಿಂದ ತಟ್ಟಿ, “ಮಿಕ್ಕಿದ್ದೆಲ್ಲ ಕೈಯಲ್ಲಿ ಮಾಡೋ ಕೆಲಸ ಕಣೇ. ಇದಕ್ಕೆ ಗುಂಡಿಗೆ ಬೇಕು,” ಅಂದಿದ್ದರು. ನನಗಾಗ ಇಪ್ಪತ್ತೈದು ವರ್ಷ. ಗುಂಡಿಗೆ ಇದೆ ಅಂತಲೇ ತಿಳಿದುಕೊಂಡಿದ್ದೆ.

ಇನ್ನೊಂದು ಸಂಗತಿ ಹೇಳಬೇಕು. ಸಾಧನ ಒಮ್ಮೊಮ್ಮೆ ತನ್ನ ಒಡೆಯನನ್ನು ಬಿಟ್ಟುಬಿಡುತ್ತದೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಒಮ್ಮೆ ಬಿಟ್ಟರೆ ಹೊಸದನ್ನು ಕೊಂಡರೂ ಹತ್ತುವುದಿಲ್ಲ. ಬಿಟ್ಟ ಸಾಧನವೋ, ಅದು ಊರವರೆಲ್ಲರ ಸ್ವತ್ತು. ಯಾರ ಕೈಗಾದರೂ ಬಗ್ಗುತ್ತದೆ. ಕ್ಷೌರಿಕ ರಾಚಪ್ಪನ ಕತ್ತಿ ಅವನನ್ನು ಬಿಟ್ಟಾಗ ಇಡೀ ಬೀದಿಯ ಗಂಡಸರು ಮೂರು ತಿಂಗಳು ಅದರಲ್ಲೇ ತಾವೇ ಗಡ್ಡ ಹೆರೆದುಕೊಂಡರು. ರಾಚಪ್ಪ ಅಷ್ಟು ದಿನವೂ ಮನೆಯಿಂದ ಹೊರಗೆ ಬರಲಿಲ್ಲ. ಹಾಗಾಗಿ ಯಾರದಾದರೂ ಸಾಧನ ಮಂಕಾದರೆ ಅವರು ಅದನ್ನು ಬಟ್ಟೆಯಲ್ಲಿ ಸುತ್ತಿ ಮುಚ್ಚಿಡುತ್ತಾರೆಯೇ ಹೊರತು ಇನ್ನೊಬ್ಬರ ಕೈಗೆ ಕೊಟ್ಟು ನೋಡುವುದಿಲ್ಲ. ಬೇರೆಯವರ ಕೈಯಲ್ಲಿ ಅದು ಕೆಲಸ ಮಾಡಿಬಿಟ್ಟರೆ ಕಥೆ ಮುಗಿಯಿತಲ್ಲ! ತಿಳಿದುಕೊಂಡು ಸಾಯುವುದಕ್ಕಿಂತ ತಿಳಿಯದೆ ನರಳುವುದೇ ಮೇಲು ಅನ್ನುವ ಜನ ನಾವು.

ಡಾಕ್ಟರ ಸ್ಟೆತಾಸ್ಕೋಪು ಅವರನ್ನು ಬಿಟ್ಟಿದೆ ಅನ್ನುವ ಅನುಮಾನ ನನಗೆ ಬಂದದ್ದು ಯುಗಾದಿ ಕಳೆದ ಮೇಲೆ. ಮೊದಲೆಲ್ಲ ಅವರು ಎದೆಗೆ ಸ್ಟೆತಾಸ್ಕೋಪು ಇಟ್ಟರೆಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಈಗ ಕಣ್ಣು ತೆರೆದುಕೊಂಡು ನನ್ನ ಮುಖ ನೋಡತೊಡಗಿದರು. ಆಮೇಲೆ, “ನಿನ್ನ ರಿಜಿಸ್ಟರಿನಲ್ಲಿ ಏನಿದೆ ನೋಡಿ ಹೇಳಮ್ಮ,” ಅಂತ ಜೋರು ದನಿಯಲ್ಲಿ ಕೇಳುತ್ತಿದ್ದರು. ಮೆದು ಮಾತಿನ ಮನುಷ್ಯ ಯಾಕೋ ಸಿಡುಕನಾಗಿದ್ದಾರೆ ಅಂತ ಜನ ಆಡಿಕೊಂಡರು. ಅವರು ಸ್ಟೆತಾಸ್ಕೋಪಿನ ಮೂತಿಯನ್ನು ಉಗುರಿನಿಂದ ಕುಟ್ಟಿ ನೋಡುತ್ತಿದ್ದುದನ್ನು ಬಾಗಿಲ ಸಂದಿಯಿಂದ ಕಂಡ ದಿನ ನನ್ನ ಅನುಮಾನ ಗಟ್ಟಿಯಾಯಿತು.

ಹೇಳಲಿಲ್ಲ. ಹೇಳಿದರೆ ಕ್ಲಿನಿಕ್ಕಿನ ಬೋರ್ಡು ಇಳಿಯುತ್ತದೆ, ಊರಿಗೆ ಇರುವ ಒಬ್ಬ ಡಾಕ್ಟರೂ ಇಲ್ಲವಾಗುತ್ತಾರೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹೆದರಿಕೆ. ಹತ್ತೊಂಬತ್ತು ವರ್ಷ ಒಂದು ದಿನವೂ ಗದರದ ಮನುಷ್ಯನಿಗೆ, ನಿಮ್ಮ ಸಾಧನ ನಿಮ್ಮನ್ನು ಬಿಟ್ಟಿದೆ ಅಂತ ಯಾವ ಬಾಯಲ್ಲಿ ಹೇಳಲಿ? ಕೆಮ್ಮಿನ ಮಕ್ಕಳು ಬಂದರೆ, “ಒಂದು ಎಕ್ಸ್‌ರೇ ತೆಗೆಸಿಬಿಡೋಣ ಸಾರ್,” ಅಂತ ನಡುವೆ ಬಾಯಿ ಹಾಕುತ್ತಿದ್ದೆ. ಅವರು ತಕ್ಷಣ ಒಪ್ಪುತ್ತಿದ್ದರು. ಹೀಗೆ ಇಬ್ಬರೂ ಒಂದೇ ಗುಟ್ಟನ್ನು ಒಬ್ಬರಿಗೊಬ್ಬರು ಕಾಣದಂತೆ ಮುಚ್ಚಿಟ್ಟುಕೊಂಡು ದಿನ ದೂಡಿದೆವು.

ಇದು ನಡೆಯದೆ ಹೋದದ್ದು ಖಾಸಿಂ ಸಾಹೇಬರ ವಿಷಯದಲ್ಲಿ. ಅವರು ನಮ್ಮೂರ ಬ್ಯಾಂಡಿನ ಕ್ಲಾರಿಯೊನೆಟ್ ವಾದಕರು. ಅರವತ್ತು ದಾಟಿದ ಮನುಷ್ಯ, ಅವರು ಊದದೆ ಊರಲ್ಲಿ ಮದುವೆ ದಿಬ್ಬಣ ಹೊರಟದ್ದಿಲ್ಲ. ಅವರನ್ನು ಹೆಂಡತಿ ಜುಲೇಖಾಬಿ ಕೈ ಹಿಡಿದು ಎಳೆದುಕೊಂಡೇ ಬಂದಿದ್ದರು. ಉಸಿರು ಸಾಲುವುದಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನನ್ನ ಯಂತ್ರದಲ್ಲಿ ಅವರ ತೂಕ ಎಪ್ಪತ್ತೊಂದು. ಡಾಕ್ಟರು ಎದೆಗೆ ಸ್ಟೆತಾಸ್ಕೋಪಿಟ್ಟು, ನನ್ನ ಮುಖ ನೋಡಿ, “ಎದೆ ಶುದ್ಧವಾಗಿದೆ. ವಯಸ್ಸು, ಅಷ್ಟೇ,” ಅಂದರು. ಐದು ದಿನ ಬಿಟ್ಟು ಬಂದಾಗ ಎಪ್ಪತ್ಮೂರು. ಎದೆ ಶುದ್ಧ. ಮತ್ತೆ ಐದು ದಿನಕ್ಕೆ ಎಪ್ಪತ್ತೈದು, ಕಾಲಿನ ಗಂಟಿನ ಮೇಲೆ ಬೆರಳೊತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಆಗಲೂ ಎದೆ ಶುದ್ಧ. ನಾನು ರಿಜಿಸ್ಟರಿನಲ್ಲಿ ತೂಕವನ್ನೂ ಬಾವನ್ನೂ ಬರೆದೆ. ಡಾಕ್ಟರು ಈ ಸಲ ಕೇಳಲಿಲ್ಲ, ಬರೆದದ್ದನ್ನು ನಾನೂ ಬಾಯಿಬಿಟ್ಟು ಹೇಳಲಿಲ್ಲ; ಹೇಳಿದರೆ ಅವರ ಮಾತು ಸುಳ್ಳು ಅಂದ ಹಾಗಾಗುತ್ತಿತ್ತು. “ದೊಡ್ಡಾಸ್ಪತ್ರೆಗೆ ಹೋಗಿಬನ್ನಿ,” ಅಂತ ಸಾಹೇಬರಿಗೆ ಹೊರಗೆ ಜಗಲಿಯಲ್ಲಿ ಪಿಸುಗುಟ್ಟಿದೆ. ಅವರು ತಲೆಯಾಡಿಸಿ, “ನನಗೆ ಕಾಯಿಲೆ ಏನೂ ಇಲ್ಲ ಸಿಸ್ಟರಮ್ಮ. ವಾದ್ಯ ಬಿಟ್ಟುಹೋಗ್ತಾ ಇದೆ. ಅದಕ್ಕೆ ಯಾವ ಆಸ್ಪತ್ರೇಲಿ ಔಷಧಿ ಐತೆ?” ಅಂದು ಹೊರಟುಹೋದರು.

ಮುಂದಿನ ಸಲ ಅವರು ಬರಲಿಲ್ಲ. ಗುರುವಾರ ಮಧ್ಯಾಹ್ನ ಕ್ಲಿನಿಕ್ಕು ಮುಚ್ಚಿದ ಹೊತ್ತಿನಲ್ಲಿ ತೂಕದ ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು, ಆಟೋ ಹಿಡಿದು ಅವರ ಮನೆಗೇ ಹೋದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಸಾಹೇಬರು ಮೂರು ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರು. ಕ್ಲಾರಿಯೊನೆಟ್ಟನ್ನು ಹೆಂಡತಿಯ ಹಳೇ ದುಪಟ್ಟಾದಲ್ಲಿ ಸುತ್ತಿ ಬೀರುವಿನ ಮೇಲಿಟ್ಟಿದ್ದರು. ಎಬ್ಬಿಸಿ ನಿಲ್ಲಿಸಿದೆ. ಎಪ್ಪತ್ತೇಳು.

“ಊಟ ಮುಟ್ಟಲ್ಲ, ತೂಕ ಹೆಂಗೆ ಏರುತ್ತೆ ಹೇಳಿ?” ಅಂದರು ಜುಲೇಖಾಬಿ. ಆಮೇಲೆ ಬೀರುವಿನ ಕಡೆ ಕೈ ತೋರಿಸಿ, “ಎಲ್ಲ ಆ ಶನಿಯಿಂದ. ನಲವತ್ತು ವರ್ಷ ನನಗಿಂತ ಹೆಚ್ಚು ಅದನ್ನೇ ನೋಡ್ಕೊಂಡ್ರು. ಈಗ ನೋಡಿ. ಮೊನ್ನೆ ಸಿಟ್ಟು ಬಂದು ನಾನೇ ಅಡುಗೆ ಮನೇಗೆ ಒಯ್ದು ಊದಿಬಿಟ್ಟೆ. ಎಲ್ಲಾರ ಕೈಗೂ ಬಗ್ಗೋ ಹಂಗಾಗಿದ್ರೆ ನನಗೂ ಬಗ್ಗಲಿ ಅಂತ.”

ಸಾಹೇಬರು ಗಾಬರಿಯಿಂದ ಕಣ್ಣು ಬಿಟ್ಟರು. “ನೀನು ಊದಿದೆಯಾ?”

“ಹೂಂ, ಊದಿದೆ. ಕೆನ್ನೆ ನೋವು ಬಂತು. ಒಂದು ಪೀಂ ಅಂತಾನೂ ಅನ್ಲಿಲ್ಲ ದರಿದ್ರದ್ದು.”

ನಾನು ಅವರ ಕಡೆ ತಿರುಗಿದೆ. “ಜುಲೇಖಾಬಿ, ಇನ್ನೊಂದು ಸಲ ಹೇಳಿ. ಏನೂ ದನಿ ಬರಲಿಲ್ವಾ?”

“ಏನೂ ಇಲ್ಲ.”

“ಹಾಗಾದ್ರೆ ಅದು ಸಾಹೇಬರನ್ನ ಬಿಟ್ಟಿಲ್ಲ! ಬಿಟ್ಟಿದ್ರೆ ನಿಮಗೂ ದನಿ ಕೊಡ್ತಿತ್ತು, ನನಗೂ ಕೊಡ್ತಿತ್ತು. ಸಾಹೇಬ್ರೇ, ವಾದ್ಯ ಇನ್ನೂ ನಿಮ್ಮದೇ. ಕೆಟ್ಟಿರೋದು ನಿಮ್ಮ ಉಸಿರು.”

ಸಾಹೇಬರು ತಮ್ಮ ಬಾತ ಕಾಲುಗಳನ್ನು ನೋಡಿಕೊಂಡರು, ಬೀರುವಿನ ಮೇಲಿನ ಗಂಟನ್ನು ನೋಡಿದರು. “ಅಂದ್ರೆ ನನಗೆ ಕಾಯಿಲೆ ಬಂದಿದೆಯಾ?”

“ಬಂದಿದೆ. ಸಣ್ಣದೇನೂ ಅಲ್ಲ.”

“ದೇವರು ದೊಡ್ಡವನು!” ಅಂದು ಅವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಕಾಯಿಲೆ ಇದೆ ಅಂದದ್ದಕ್ಕೆ ಇಷ್ಟು ಖುಷಿಪಟ್ಟವರನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಸಂಜೆಯೊಳಗೆ ಡಾಕ್ಟರನ್ನೇ ಕರೆದುಕೊಂಡು ಬರುತ್ತೇನೆ, ಹೀಗೇ ಕೂತಿರಿ ಅಂತ ಹೇಳಿ ಹೊರಟೆ. ಬಾಗಿಲು ದಾಟಿದ ಮೇಲೆ ನನಗೇ ನಗು ಬಂತು. ಡಾಕ್ಟರನ್ನು ಕರೆತಂದು ಏನು ಮಾಡಿಸಲಿ? ನಾಲ್ಕನೇ ಸಲವೂ ಎದೆ ಶುದ್ಧ ಅನ್ನಿಸಲೇ?

ಆಟೋ ಗಡಿಯಾರದ ಬೀದಿಗೆ ತಿರುಗುವಾಗ ತಲೆಗೆ ಹೊಳೆಯಿತು. ಕ್ಲಾರಿಯೊನೆಟ್ಟಿಗೆ ಆದ ಪರೀಕ್ಷೆ ಸ್ಟೆತಾಸ್ಕೋಪಿಗೂ ಆಗಬೇಕಲ್ಲವೇ?

ಡಾಕ್ಟರು ಊಟಕ್ಕೆ ಹೋಗಿದ್ದರು. ಸ್ಟೆತಾಸ್ಕೋಪು ಅವರ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಕೇಳದೆ ಇನ್ನೊಬ್ಬರ ಸಾಧನ ಮುಟ್ಟುವುದು ಅವರ ತಟ್ಟೆಯೊಳಗೆ ಕೈ ಹಾಕಿದ ಹಾಗೆ. ಹಸಿರು ಪುಸ್ತಕದಲ್ಲೂ ಅದಕ್ಕೆ ಒಂದು ಪುಟವೇ ಇದೆ. ಆದರೂ ತೆಗೆದುಕೊಂಡೆ. ಕಿವಿಗೆ ಸಿಕ್ಕಿಸಿಕೊಂಡು ಮೂತಿಯನ್ನು ನನ್ನ ಎದೆಗೆ ಒತ್ತಿಕೊಂಡೆ. ದೇವರೇ, ಏನೂ ಕೇಳಿಸದಿರಲಿ ಅಂತ ಬೇಡಿಕೊಂಡೆ. ಏನೂ ಕೇಳಿಸಲಿಲ್ಲ. ಬಾವಿಗೆ ತಲೆ ಹಾಕಿದಂತೆ ಬರೀ ಮೌನ. ಸರಿಸಿ ಸರಿಸಿ ನೋಡಿದೆ, ಎಲ್ಲಿಟ್ಟರೂ ಮೌನ. ಕಣ್ಣಲ್ಲಿ ನೀರು ಬಂತು. ತಲೆಯೆತ್ತಿದರೆ ಡಾಕ್ಟರ್ ಮಲ್ಲಾರಾಧ್ಯರು ಬಾಗಿಲಲ್ಲಿ ನಿಂತಿದ್ದರು.

ಅವರು ಬೈಯಲಿಲ್ಲ. ತಿಂಗಳುಗಳ ನಂತರ ಮೊದಲ ಬಾರಿಗೆ ಮೆಲ್ಲಗೆ ಮಾತಾಡಿದರು. “ಕೇಳಿಸ್ತಾ?”

ನಾನು ಜೋರಾಗಿ ತಲೆಯಾಡಿಸಿದೆ. “ಇಲ್ಲ ಸಾರ್.”

“ಸ್ವಲ್ಪಾನೂ?”

“ಸ್ವಲ್ಪಾನೂ ಇಲ್ಲ ಸಾರ್. ಇದು ನಿಮ್ಮನ್ನ ಬಿಟ್ಟಿಲ್ಲ!”

ಅವರು ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ರೋಗಿಗಳ ಸ್ಟೂಲಿನ ಮೇಲೆ ಕೂತರು. “ಐದು ತಿಂಗಳಾಯ್ತು ದಾಕ್ಷಾಯಿಣಿ,” ಅಂದರು. “ಹೊಸದೊಂದು ತರಿಸಿದೆ, ಅದೂ ಮೂಕ. ಪೆನ್ನು ಇನ್ನೂ ಬರೀತಿದೆ, ಅದು ಯಾವತ್ತು ನಿಲ್ಲುತ್ತೋ ಅಂತ ದಿನಾ ಬೆಳಿಗ್ಗೆ ನನ್ನ ಹೆಸರು ಬರೆದು ನೋಡ್ತೀನಿ. ಬೋರ್ಡು ಇಳಿಸಿಬಿಡಬೇಕು ಅಂತ ಎಷ್ಟೋ ಸಲ ಅನ್ಕೊಂಡೆ. ಧೈರ್ಯ ಬರಲಿಲ್ಲ.”

“ಸ್ಟೆತಾಸ್ಕೋಪು ನಿಮ್ಮದೇ ಆಗಿದ್ದೂ ಕೇಳಿಸೋದಿಲ್ಲ ಅಂದ್ರೆ ಕೆಟ್ಟಿರೋದು ಕಿವಿ ಸಾರ್. ಕಿಟಕಿ ಹತ್ರ ಬನ್ನಿ.”

ಊರಿನ ಕಿವಿಗಳನ್ನೆಲ್ಲ ನೋಡುವವರು ಅವರು. ಅವರ ಕಿವಿ ನೋಡುವವರು ಯಾರಿದ್ದರು? ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ. ಅವರ ಟಾರ್ಚು ನನ್ನ ಕೈಯಲ್ಲಿ ಹೊತ್ತುವುದಿಲ್ಲ, ಆದರೆ ಕಿಟಕಿಯ ಬಿಸಿಲು ಯಾರ ಸಾಧನವೂ ಅಲ್ಲವಲ್ಲ. ತಲೆಯನ್ನು ಬಿಸಿಲಿಗೆ ತಿರುಗಿಸಿ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ನೋಡಿದೆ. ಒಳಗೆ ದಾರಿಯೇ ಇರಲಿಲ್ಲ. ಕಪ್ಪು ಗುಗ್ಗೆ ಗಟ್ಟಿಯಾಗಿ ಕೂತಿತ್ತು. ದಿನಕ್ಕೆ ಐವತ್ತು ಸಲ ಸ್ಟೆತಾಸ್ಕೋಪು ಸಿಕ್ಕಿಸಿಕೊಂಡು ಸಿಕ್ಕಿಸಿಕೊಂಡು ಅವರೇ ಅದನ್ನು ಒಳಗೆ ತಳ್ಳಿ ತುಂಬಿದ್ದರು. ಇನ್ನೊಂದು ಕಿವಿಯೂ ಅಷ್ಟೇ.

ಪಿಚಕಾರಿ ತೆಗೆದೆ. ತೆಗೆದ ಮೇಲೆ ಹಸಿರು ಪುಸ್ತಕ ನೆನಪಾಯಿತು. “ಸಾರ್, ಕಿವಿ ಯಾವತ್ತಾದ್ರೂ ಸೋರಿತ್ತಾ? ತಮಟೆ ತೂತಾಗಿತ್ತಾ? ನೋವಿದೆಯಾ?”

“ನನಗೇ ಕೇಳ್ತೀಯೇನಮ್ಮ?”

“ಯಾರಿದ್ರೂ ಕೇಳ್ಲೇಬೇಕು ಸಾರ್. ತೊಳೆಯೋಕೆ ನಿಮ್ಮ ಒಪ್ಪಿಗೆ ಇದೆಯಾ? ಆಮೇಲೆ, ಡಾಕ್ಟರ ಚೀಟಿ ಇಲ್ಲದೆ ನಾನು ಕಿವಿ ತೊಳೆಯೋ ಹಾಗಿಲ್ಲ.”

ಅವರು ಚೀಟಿ ಎಳೆದುಕೊಂಡು, ರೋಗಿಯ ಹೆಸರಿನ ಜಾಗದಲ್ಲಿ ತಮ್ಮ ಹೆಸರು, ಕೆಳಗೆ ತಮ್ಮದೇ ರುಜು ಹಾಕಿ ಕೊಟ್ಟರು. ಪೆನ್ನು ಸರಾಗವಾಗಿ ಬರೆಯಿತು.

ಮೊದಲು ಅಡುಗೆ ಸೋಡಾ ಕರಗಿಸಿದ ನೀರಿನ ಹನಿ ಬಿಟ್ಟು ಗುಗ್ಗೆ ನೆನೆಸಬೇಕು. ಅವರು ಮೇಜಿನ ಮೇಲೆ ಕೆನ್ನೆಯಿಟ್ಟು ಒರಗಿದರು. ಆ ಹೊತ್ತಿನಲ್ಲಿ ನಾನು ನನ್ನ ತಪ್ಪನ್ನೆಲ್ಲ ಹೇಳಿಕೊಂಡೆ. ಖಾಸಿಂ ಸಾಹೇಬರ ತೂಕ ಆರು ಕಿಲೋ ಏರಿದ್ದು, ಕಾಲಿನ ಗುಳಿ, ಮೂರು ದಿಂಬು, ಮೊದಲ ಸಲ ಏರಿದ ದಿನದಿಂದ ಹತ್ತು ದಿನ ನಾನು ಬಾಯಿ ಮುಚ್ಚಿಕೊಂಡಿದ್ದು. ಹೇಳಿ ಮುಗಿಸಿ ಬಿಕ್ಕಿದೆ. ಅವರು ಅಲುಗದೆ ಮಲಗಿದ್ದವರು, “ಏನಾದ್ರೂ ಹೇಳಿದ್ಯಾ? ಸೋಡಾ ಕಿವೀಲಿ ಬುಸುಗುಡ್ತಿದೆ,” ಅಂದರು. ಮತ್ತೆ ಮೊದಲಿಂದ ಕೂಗಿ ಹೇಳಿದೆ. ಹತ್ತು ದಿನ ಹೇಳದೆ ಉಳಿದದ್ದಕ್ಕೆ ಎರಡೆರಡು ಸಲ ಹೇಳುವ ಶಿಕ್ಷೆ.

ಕೇಳಿದವರು ಎದ್ದು ಕೂತು, “ಬೇಗ ಮಾಡಮ್ಮ,” ಅಂದರು.

ನೀರನ್ನು ಮೈ ಬಿಸಿಗೆ ಸರಿಯಾಗಿ ಕಾಯಿಸಿ ಥರ್ಮಾಮೀಟರಿನಲ್ಲಿ ನೋಡಿ ಪಿಚಕಾರಿ ತುಂಬಿದೆ. ನಾಲ್ಕನೇ ಸಲಕ್ಕೆ ಬಲಗಿವಿಯಿಂದ ಹುಣಸೆಬೀಜದಷ್ಟು ದಪ್ಪದ ಗುಗ್ಗೆ ಬಟ್ಟಲಿಗೆ ಬಿತ್ತು. ಎಡಗಿವಿಯದು ಎರಡು ತುಂಡಾಗಿ ಬಂತು. ಅವರು ಬೆಚ್ಚಿಬಿದ್ದು ಗೋಡೆ ಕಡೆ ತಿರುಗಿದರು. “ಆ ಗಡಿಯಾರ ಯಾವಾಗಿಂದ ಹೀಗೆ ಬಡ್ಕೊಳ್ತಿದೆ?”

“ಯಾವಾಗ್ಲೂ ಬಡ್ಕೊಳ್ತಿತ್ತು ಸಾರ್.”

ಟವೆಲಿನಿಂದ ಕಿವಿ ಒರೆಸಿಕೊಂಡು ಅವರು ಸ್ಟೆತಾಸ್ಕೋಪು ಹಾಕಿಕೊಂಡರು. “ಒಪ್ಪಿಗೆ ಇದೆಯಾ?” ಅಂತ ನನ್ನನ್ನೇ ಕೇಳಿದರು. ನಾನು ಹೂಂ ಅಂದೆ. ಮೂತಿಯನ್ನು ನನ್ನ ಎದೆಗೆ ಇಟ್ಟರು. ಕಣ್ಣು ಮುಚ್ಚಿಕೊಂಡರು. ನಾನು ಅವರ ರೆಪ್ಪೆಗಳನ್ನೇ ನೋಡುತ್ತ ನಿಂತೆ.

“ಅಬ್ಬಬ್ಬಾ,” ಅಂದರು ಕಣ್ಣು ತೆರೆಯದೆ. “ಎಷ್ಟು ಜೋರಾಗಿ ಹೊಡ್ಕೊಳ್ತಿದೆಯಲ್ಲಮ್ಮ ನಿನ್ನೆದೆ.”

“ಹತ್ತು ದಿನದಿಂದ ಹೀಗೇ ಸಾರ್.”

“ನನಗೆ ಕೇಳಿಸ್ಲಿಲ್ಲ ನೋಡು,” ಅಂದರು. ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ನನ್ನದಂತೂ ಆಗಲೇ ಇಳಿದಾಗಿತ್ತು. ಇಷ್ಟು ಹಗುರವಾಗಿ ಅತ್ತದ್ದು ನನಗೆ ನೆನಪಿಲ್ಲ.

ಖಾಸಿಂ ಸಾಹೇಬರ ಮನೆಗೆ ಹೋದಾಗ ಇನ್ನೂ ಬಿಸಿಲಿತ್ತು. ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪಿಟ್ಟು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ತುಂಬಾ ಹೊತ್ತು ಕೇಳಿದರು. “ಶ್ವಾಸಕೋಶದಲ್ಲಿ ನೀರು ತುಂಬ್ತಿದೆ. ಹೃದಯ ಸೋತಿದೆ,” ಅಂದರು. ಆಮೇಲೆ ಸಾಹೇಬರ ಎದುರಿಗೆ ಬಂದು ಕೂತು, “ಮೂರು ಸಲ ನೋಡಿ ಮೂರು ಸಲವೂ ತಪ್ಪು ಹೇಳಿದೆ. ಕ್ಷಮಿಸಿ,” ಅಂದರು. ಸಾಹೇಬರು ಅವರ ಕೈ ಹಿಡಿದುಕೊಂಡು, “ಬಿಡಿ ಸಾರ್, ನಾನೂ ವಾದ್ಯದ ಮೇಲೆ ಮೂರು ತಿಂಗಳು ತಪ್ಪು ಹೊರಿಸಿದ್ದೆ,” ಅಂದರು. ಡಾಕ್ಟರು ಬರೆದರು, ನಾನು ಎರಡು ಸಲ ಹೆಸರು ಕೇಳಿ ಇಂಜೆಕ್ಷನ್ ಚುಚ್ಚಿದೆ. ಒಂದು ಗಂಟೆಯೊಳಗೆ ನೀರು ಇಳಿಯತೊಡಗಿ ಉಸಿರು ಸಲೀಸಾಯಿತು. ಸಾಹೇಬರು ಈ ಸಲ ತಕರಾರಿಲ್ಲದೆ ದೊಡ್ಡಾಸ್ಪತ್ರೆಗೆ ಹೋಗುವ ಗಾಡಿ ಹತ್ತಿದರು. ಹತ್ತುವಾಗ ಬೀರುವಿನ ಮೇಲಿನ ಗಂಟು ಮಡಿಲಲ್ಲಿತ್ತು.

ಆ ಸಂಜೆ ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ‘ಹತ್ತು ದಿನ ಹೇಳದೆ ಉಳಿದೆ’ ಅಂತ ಬರೆದು ರುಜು ಹಾಕಿದೆ. ಮರುದಿನ ನೋಡಿದರೆ ಅದರ ಕೆಳಗೆ ಡಾಕ್ಟರ ಪೆನ್ನಿನಲ್ಲಿ ‘ಐದು ತಿಂಗಳು ಹೇಳದೆ ಉಳಿದೆ’ ಅಂತ ಇತ್ತು. ಆ ಐದು ತಿಂಗಳಲ್ಲಿ ಎದೆ ತೋರಿಸಿಕೊಂಡವರನ್ನೆಲ್ಲ ಮತ್ತೆ ಕರೆಸಿ, ಕಾರಣ ಹೇಳಿ, ಮತ್ತೆ ನೋಡಿದೆವು. ಇಬ್ಬರಿಗೆ ಔಷಧಿ ಬದಲಾಯಿಸಬೇಕಾಯಿತು. ಪುಣ್ಯಕ್ಕೆ ಹೊತ್ತು ಮೀರಿರಲಿಲ್ಲ. ಡಾಕ್ಟರ ಕಿವಿಯಲ್ಲಿ ಗುಗ್ಗೆ ಅಂತ ಊರೆಲ್ಲ ನಕ್ಕಿತು. ನಗುವವರು ನಗಲಿ, ಬೋರ್ಡು ಇಳಿಯಲಿಲ್ಲವಲ್ಲ. ಊರಿನ ಎಷ್ಟೋ ಜನ ಮುಚ್ಚಿಟ್ಟ ಗಂಟುಗಳನ್ನು ಬಿಚ್ಚಿ ಪಕ್ಕದವರ ಕೈಗೆ ಕೊಟ್ಟು ನೋಡಿದರು. ಕೆಲವರದು ರಾಚಪ್ಪನ ಕತ್ತಿಯ ಹಾಗೆ ನಿಜವಾಗಿಯೂ ಬಿಟ್ಟಿತ್ತು, ಪಾಪ. ಆದರೆ ದರ್ಜಿ ಶೇಷಮ್ಮನಿಗೆ ಬೇಕಾಗಿದ್ದದ್ದು ಬರೀ ಒಂದು ಕನ್ನಡಕ.

ಈಗ ನಮ್ಮಲ್ಲಿ ಕ್ರಮ ಬದಲಾಗಿದೆ. ಮೊದಲು ನಾನು ನನ್ನ ಯಂತ್ರಗಳು ತೋರಿಸಿದ್ದನ್ನು ರೋಗಿಯ ಎದುರಿಗೇ ಗಟ್ಟಿಯಾಗಿ ಹೇಳುತ್ತೇನೆ, ಆಮೇಲೆ ಡಾಕ್ಟರು ಸ್ಟೆತಾಸ್ಕೋಪು ಮುಟ್ಟುತ್ತಾರೆ. ಮೂರು ತಿಂಗಳಿಗೊಂದು ಸೋಮವಾರ ಅವರು ಕಿಟಕಿಯ ಬಿಸಿಲಿಗೆ ಕಿವಿ ಕೊಟ್ಟು ಕೂರುತ್ತಾರೆ. ಹೋದ ವಾರ ಹಾಗೆ ಕೂತಿದ್ದಾಗ ಗಡಿಯಾರದ ಬೀದಿಯಲ್ಲಿ ಒಂದು ಮದುವೆ ದಿಬ್ಬಣ ಬಂತು. ಮುಂದೆ ಖಾಸಿಂ ಸಾಹೇಬರು, ತೂಕ ಅರವತ್ತೊಂಬತ್ತು. ಎರಡು ಹಾಡಿಗೊಮ್ಮೆ ಕುರ್ಚಿ ಹಾಕಿಸಿಕೊಂಡು ಕೂರಬೇಕೆಂಬ ಷರತ್ತಿನ ಮೇಲೆ ನಾವೇ ಅಪ್ಪಣೆ ಕೊಟ್ಟಿದ್ದೆವು. ಕುರ್ಚಿ ಹಿಡಿದು ಪಕ್ಕದಲ್ಲಿ ಜುಲೇಖಾಬಿ. ಸಾಹೇಬರು ನಮ್ಮ ಕಿಟಕಿಯ ಎದುರಿಗೇ ನಿಂತು, ಬೇಕೆಂದೇ, ಕ್ಲಾರಿಯೊನೆಟ್ಟನ್ನು ಆಕಾಶಕ್ಕೆತ್ತಿ ಇದ್ದ ಉಸಿರನ್ನೆಲ್ಲ ಹಾಕಿ ಊದಿದರು.

ಡಾಕ್ಟರು ಎರಡೂ ಕಿವಿ ಮುಚ್ಚಿಕೊಂಡು, “ಸ್ವಲ್ಪ ಮೆಲ್ಲಗೆ ಊದೋಕೆ ಹೇಳಮ್ಮ ಅವರಿಗೆ, ಕಿವಿ ಹರಿದು ಹೋಗುತ್ತೆ,” ಅಂದರು.

ಅದೊಂದನ್ನು ಮಾತ್ರ ನಾನು ಹೋಗಿ ಹೇಳಲಿಲ್ಲ.